ತಲೆಯಾಡಿಸಿದರೆ ಒಪ್ಪಿದಂತೆಯೇ?



ಬಾಯಿಲ್ಲದ ದನದ ಮನಸ್ಸನ್ನು ತಿಳಿಯುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಬೆಳಗ್ಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ, ಎತ್ತು ನಿಂತ ರೀತಿಯನ್ನು ನೋಡಿ ಅದರ ಮೈ ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬಲ್ಲಿರಿ. ಕಿವಿ ಜೋತುಬಿದ್ದಿದೆ, ಮೂತಿ ಒಣಗಿದೆ, ಮೆಲುಕು ನಿಂತಿದೆ, ರಾತ್ರಿ ಹಾಕಿದ ಹುಲ್ಲು ಹಾಗೆಯೇ ಉಳಿದಿದೆ ಎಂದರೆ ಮಾತು ಬಾರದ ಪ್ರಾಣಿ ತನ್ನ ಕಷ್ಟವನ್ನು ಹೇಳಿಕೊಂಡಂತೆಯೇ ಆಯಿತು. ಹಸು ಬೆದೆಗೆ ಬಂದುದನ್ನೂ ಹೀಗೆಯೇ ಗುರುತಿಸುತ್ತೀರಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸುತ್ತೀರಿ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಮೂತಿ ಒಣಗಿದೆ ಎಂಬ ಒಂದೇ ಗುರುತಿನಿಂದ ನೀವು ರೋಗವೆಂದು ತೀರ್ಮಾನಿಸುವುದಿಲ್ಲ. ನಾಲ್ಕಾರು ಗುರುತುಗಳನ್ನು ಸೇರಿಸಿ ನೋಡುತ್ತೀರಿ. ಆ ದನ ನಿನ್ನೆ ಹೇಗಿತ್ತು ಎಂಬುದಕ್ಕೆ ಹೋಲಿಸುತ್ತೀರಿ. ಆಮೇಲೂ ಸಂಶಯ ಉಳಿದರೆ ಪಶುವೈದ್ಯರನ್ನು ಕರೆಯುತ್ತೀರಿ. ಆದರೆ ಮನುಷ್ಯರ ವಿಷಯಕ್ಕೆ ಬಂದಾಗ ನಾವೆಲ್ಲರೂ ಈ ಜಾಣ್ಮೆಯನ್ನು ಬದಿಗಿಡುತ್ತೇವೆ. ತಲೆಯಾಡಿಸಿದ, ಆದುದರಿಂದ ಒಪ್ಪಿದ. ಸುಮ್ಮನಿದ್ದಳು, ಆದುದರಿಂದ ಇಷ್ಟವಿದೆ. ಕಣ್ಣು ತಪ್ಪಿಸಿದ, ಆದುದರಿಂದ ಸುಳ್ಳುಗಾರ. ಹೀಗೆ ಒಂದೊಂದೇ ಗುರುತನ್ನು ಹಿಡಿದು ತೀರ್ಪು ಕೊಡುತ್ತೇವೆ. ಇದರಿಂದ ಬೆಳೆ ಹಾಳಾಗಬಹುದು, ಹಣ ಹೋಗಬಹುದು, ಕೆಲವು ವೇಳೆ ಜೀವವೂ ಹೋಗಬಹುದು. ಮಾತಿಲ್ಲದ ಮಾತನ್ನು ಎಲ್ಲಿ ನಂಬಬೇಕು, ಎಲ್ಲಿ ಬಾಯಿಬಿಟ್ಟು ಕೇಳಬೇಕು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಎರಡು ಬಗೆಯ ಸನ್ನೆಗಳು

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಮುಂತಾದ ಕಡೆ ಸೇರುವ ದನಗಳ ಜಾತ್ರೆಗೆ ಹೋದವರು ಟವೆಲಿನ ಮರೆಯ ವ್ಯಾಪಾರವನ್ನು ಕಂಡಿರುತ್ತೀರಿ. ದಲ್ಲಾಳಿಯೂ ಗಿರಾಕಿಯೂ ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಲೆಕ್ಕ. ಅದು ಸಾವಿರವೋ ಹತ್ತು ಸಾವಿರವೋ ಎಂಬುದು ಮುಂದೆ ನಿಂತ ಜೋಡಿಯನ್ನು ನೋಡಿದರೆ ಇಬ್ಬರಿಗೂ ತಿಳಿಯುತ್ತದೆ. ಸುತ್ತ ನಿಂತವರಿಗೆ ಬೆಲೆ ಗೊತ್ತಾಗುವುದಿಲ್ಲ. ಒಂದು ಮಾತಿಲ್ಲದೆ ದೊಡ್ಡ ಮೊತ್ತದ ವ್ಯಾಪಾರ ಕುದುರುತ್ತದೆ.

ಇದು ಹೇಗೆ ಸಾಧ್ಯವಾಯಿತು? ಯಾವ ಬೆರಳಿಗೆ ಏನು ಅರ್ಥ ಎಂಬುದು ಇಬ್ಬರಿಗೂ ಮೊದಲೇ ತಿಳಿದಿದೆ. ಲೆಕ್ಕ ಗೊತ್ತಿಲ್ಲದವನು ಆ ಟವೆಲಿನ ಕೆಳಗೆ ಕೈಯಿಡುವುದೇ ಇಲ್ಲ. ಬಸ್ಸಿನ ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು ಎಂಬುದೂ ಇದೇ ಜಾತಿಯದು. ಗ್ರಾಮಸಭೆಯಲ್ಲಿ ಕೈ ಎತ್ತುವುದು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವುದು ಕೂಡ ಹೀಗೆಯೇ. ಇವುಗಳನ್ನು ಗೊತ್ತುಮಾಡಿದ ಸನ್ನೆಗಳು ಎನ್ನೋಣ. ಇವಕ್ಕೆ ಮಾತಿನಷ್ಟೇ ಬೆಲೆಯುಂಟು.

ಇನ್ನೊಂದು ಬಗೆಯ ಸನ್ನೆಗಳಿವೆ. ತಲೆಯಾಡಿಸುವುದು, ಮುಗುಳ್ನಗುವುದು, ಸುಮ್ಮನಿರುವುದು, ತಲೆ ತಗ್ಗಿಸುವುದು, ಲೊಚಗುಟ್ಟುವುದು. ಇವುಗಳ ಅರ್ಥವನ್ನು ಯಾರೂ ಕೂತು ಗೊತ್ತುಮಾಡಿಲ್ಲ. ಸಮಯ ನೋಡಿ, ಎದುರಿಗಿರುವ ಮನುಷ್ಯನನ್ನು ನೋಡಿ ಅರ್ಥ ಬದಲಾಗುತ್ತದೆ. ಎರಡನೆಯ ಬಗೆಯ ಸನ್ನೆಯನ್ನು ಮೊದಲನೆಯ ಬಗೆಯದೆಂದು ತಿಳಿಯುವುದೇ ನಾವು ಮಾಡುವ ತಪ್ಪುಗಳ ಮೂಲ.

ಹೂಂಗುಟ್ಟುವುದರ ಅರ್ಥವೇನು?

ಅಜ್ಜಿ ಕಥೆ ಹೇಳುವಾಗ ಎದುರಿಗೆ ಯಾರಾದರೂ ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಆ ಹೂಂ ಎಂಬುದಕ್ಕೆ 'ನೀನು ಹೇಳಿದ್ದು ನಿಜ' ಎಂದು ಅರ್ಥವಲ್ಲ. 'ಕೇಳುತ್ತಿದ್ದೇನೆ, ಮುಂದೆ ಹೇಳು' ಎಂದಷ್ಟೇ. ನಾವು ತಲೆಯಾಡಿಸುವುದೂ ಬಹಳ ಸಲ ಇದೇ ಹೂಂ. ಕೇಳಿಸಿತು ಎಂಬುದು ಒಂದು, ತಿಳಿಯಿತು ಎಂಬುದು ಇನ್ನೊಂದು, ಒಪ್ಪಿದೆ ಎಂಬುದು ಮತ್ತೊಂದು. ಈ ಮೂರಕ್ಕೂ ನಾವು ಒಂದೇ ರೀತಿಯಲ್ಲಿ ತಲೆಯಾಡಿಸುತ್ತೇವೆ.

ಅಷ್ಟೇ ಅಲ್ಲದೆ, ಹಿರಿಯರ ಮಾತಿಗೆ ಎದುರಾಡಬಾರದೆಂದು ತಲೆಯಾಡಿಸುವುದುಂಟು. 'ತಿಳಿಯಲಿಲ್ಲ' ಎನ್ನಲು ನಾಚಿಕೊಂಡು ತಲೆಯಾಡಿಸುವುದುಂಟು. ಬಸ್ಸಿಗೆ ಹೊತ್ತಾಯಿತೆಂದು ಮಾತು ಮುಗಿಸಲು ತಲೆಯಾಡಿಸುವುದೂ ಉಂಟು.

ತಲೆಯ ಚಲನೆ ಎಷ್ಟು ಬಗೆಯದೆಂಬುದನ್ನು ನಮ್ಮ ಹಿಂದಿನವರು ಚೆನ್ನಾಗಿ ಅರಿತಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ತಲೆಯ ಚಲನೆಗಳನ್ನೇ ೧೩ ಬಗೆಯಾಗಿ ವಿಂಗಡಿಸಿದೆ. ದೇಶ ಬದಲಾದರೆ ಅರ್ಥವೂ ತಿರುಗಿ ಬೀಳುತ್ತದೆ. ಯೂರೋಪಿನ ಬಲ್ಗೇರಿಯ ದೇಶದಲ್ಲಿ ತಲೆಯನ್ನು ಅತ್ತಿತ್ತ ಆಡಿಸಿದರೆ 'ಹೌದು', ಮೇಲೆ ಕೆಳಗೆ ಆಡಿಸಿದರೆ 'ಇಲ್ಲ' ಎನ್ನುವ ರೂಢಿಯಿದೆ. ನಮ್ಮ ಕಡೆ ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಿಸಿದರೆ 'ಆಗಲಿ' ಎಂದು ತಿಳಿಯುತ್ತೇವೆ. ಹೊರದೇಶದವರು ಅದನ್ನು ಕಂಡು 'ಹೌದೋ ಅಲ್ಲವೋ' ಎಂದು ತಬ್ಬಿಬ್ಬಾಗುತ್ತಾರೆ. ಇಂಥ ಸನ್ನೆಯ ಮೇಲೆ ದೊಡ್ಡ ವ್ಯವಹಾರವನ್ನು ನಿಲ್ಲಿಸಬಹುದೇ?

ಔಷಧಿಯ ಡಬ್ಬಿಯ ಮುಂದೆ

ಕೃಷಿಯಲ್ಲಿ ಡಿಪ್ಲೊಮಾ ಓದಿ ಹಳ್ಳಿ ತಿರುಗುವ ನನ್ನಂಥವರಿಗೆ ಹೆಚ್ಚು ಭಯವಿರುವುದು ಈ ವಿಷಯದಲ್ಲಿ. 'ಒಂದು ಲೀಟರ್ ನೀರಿಗೆ ೨ ಮಿ.ಲೀ. ಔಷಧಿ. ತಿಳಿಯಿತೇ?' ಎಂದು ಕೇಳಿದರೆ ಹತ್ತು ಜನ ರೈತರೂ ತಲೆಯಾಡಿಸುತ್ತಾರೆ. ಆದರೆ ಮನೆಗೆ ಹೋದ ಮೇಲೆ ಒಬ್ಬರು ಪಂಪಿನ ಇಡೀ ಟ್ಯಾಂಕಿಗೆ ೨ ಮಿ.ಲೀ. ಹಾಕಬಹುದು, ಹುಳು ಸಾಯುವುದಿಲ್ಲ. ಇನ್ನೊಬ್ಬರು ಮುಚ್ಚಳದ ಅಳತೆಯಲ್ಲಿ ಅಂದಾಜಿಗೆ ಸುರಿಯಬಹುದು. ಖರ್ಚೂ ಹೆಚ್ಚು, ಅಪಾಯವೂ ಹೆಚ್ಚು. ಸರಿಯಾದ ಲೆಕ್ಕವೆಂದರೆ, ೧೫ ಲೀಟರ್ ಹಿಡಿಯುವ ಟ್ಯಾಂಕಿಗೆ ೩೦ ಮಿ.ಲೀ. ಆದುದರಿಂದ 'ತಿಳಿಯಿತೇ?' ಎಂದು ಕೇಳುವುದಕ್ಕಿಂತ, 'ನಿಮ್ಮ ಪಂಪಿಗೆ ಎಷ್ಟು ಹಾಕುತ್ತೀರಿ, ಹೇಳಿ' ಎಂದು ಕೇಳುವುದು ಮೇಲು. ರೈತ ಸಂಪರ್ಕ ಕೇಂದ್ರದಲ್ಲಾಗಲಿ ಅಂಗಡಿಯಲ್ಲಾಗಲಿ ಯಾರೂ ಹೀಗೆ ಕೇಳದಿದ್ದರೆ ನೀವೇ ಮುಂದಾಗಿ, 'ನಾನು ತಿಳಿದುಕೊಂಡದ್ದು ಹೀಗೆ, ಸರಿಯೇ?' ಎಂದು ಒಪ್ಪಿಸಿ. ಇದರಲ್ಲಿ ಸಣ್ಣತನವೇನೂ ಇಲ್ಲ.

ಅದೇ ಡಬ್ಬಿಯ ಮೇಲೆ ಗೊತ್ತುಮಾಡಿದ ಸನ್ನೆಯೂ ಒಂದಿದೆ. ಅಕ್ಷರ ಬಾರದವರಿಗೂ ತಿಳಿಯಲೆಂದು ೧೯೭೧ರ ಕೀಟನಾಶಕ ನಿಯಮಗಳಲ್ಲಿ ಅದನ್ನು ಕಡ್ಡಾಯ ಮಾಡಿದೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕ. ಅದನ್ನು ಎರಡು ತ್ರಿಕೋನವಾಗಿ ಮಾಡಿ, ಕೆಳಗಿನ ತ್ರಿಕೋನಕ್ಕೆ ಬಣ್ಣ ಕೊಟ್ಟಿರುತ್ತಾರೆ. ಕೆಂಪು ಬಣ್ಣಕ್ಕೆ ಅತ್ಯಂತ ಘೋರ ವಿಷವೆಂದು ಅರ್ಥ. ಅದರ ಮೇಲೆ ತಲೆಬುರುಡೆ ಮತ್ತು ಎಲುಬುಗಳ ಚಿತ್ರವಿರುತ್ತದೆ. ಹಳದಿ ಅದಕ್ಕಿಂತ ಕಡಮೆಯ, ಆದರೂ ತೀವ್ರವಾದ ವಿಷ. ನೀಲಿ ಮಧ್ಯಮ. ಹಸಿರು ಎಲ್ಲಕ್ಕಿಂತ ಕಡಮೆ. ಹಸಿರೆಂದರೆ ಅಪಾಯವಿಲ್ಲ, ಬರಿಗೈಯಲ್ಲಿ ಕಲಸಬಹುದು ಎಂದು ತಿಳಿಯಬಾರದು. ಅದೂ ಎಚ್ಚರಿಕೆಯ ಗುರುತೇ. ಸನ್ನೆಯನ್ನು ಗೊತ್ತುಮಾಡಿದ್ದರೂ ಅದರ ಅರ್ಥವನ್ನು ನಾವು ಕಲಿಯದಿದ್ದರೆ ಪ್ರಯೋಜನವಿಲ್ಲ.

ಕಾಗದ, ಹೆಬ್ಬೆಟ್ಟು ಮತ್ತು ಮೊಬೈಲು

ಸಾಲದ ಕಾಗದ, ಗುತ್ತಿಗೆಯ ಕಾಗದ, ಜಮೀನಿನ ಕಾಗದ ಮುಂದಿಟ್ಟಾಗ ಅದನ್ನು ಓದಿ ಹೇಳುವವರಿಗೆ ತಲೆಯಾಡಿಸುತ್ತಾ ಹೋಗಿ ಕೊನೆಗೆ ಹೆಬ್ಬೆಟ್ಟು ಒತ್ತುವವರು ಇದ್ದಾರೆ. ತಲೆಯಾಡಿಸಿದ್ದು ಗಾಳಿಯಲ್ಲಿ ಹೋಯಿತು. ಹೆಬ್ಬೆಟ್ಟು ಕಾಗದದ ಮೇಲೆ ಉಳಿಯಿತು. ೧೮೯೭ರ ಜನರಲ್ ಕ್ಲಾಸಸ್ ಕಾಯಿದೆಯ ಪ್ರಕಾರ, ಹೆಸರು ಬರೆಯಲಾರದವರು ಹಾಕಿದ ಗುರುತೂ ಸಹಿಯೇ. ಆದುದರಿಂದ ಹೆಬ್ಬೆಟ್ಟಿಗೆ ಮುಂಚೆ, ನಿಮಗೆ ಬೇಕಾದ ಒಬ್ಬರಿಂದ ಕಾಗದವನ್ನು ಪೂರ್ತಿ ಓದಿಸಿ ಕೇಳಿರಿ.

ಬರವಣಿಗೆ ಇಲ್ಲದಿದ್ದರೆ ಏನೂ ಆಗುವುದಿಲ್ಲ ಎಂದೂ ಧೈರ್ಯವಾಗಿರಬಾರದು. ೧೮೭೨ರ ಭಾರತೀಯ ಕರಾರು ಕಾಯಿದೆಯು ಮಾತಿನಿಂದ ಕೊಟ್ಟ ಒಪ್ಪಿಗೆಯ ಜೊತೆಗೆ, ಮಾತಿಲ್ಲದೆ ನಡತೆಯಿಂದ ತೋರಿಸಿದ ಒಪ್ಪಿಗೆಯನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ನಮ್ಮ ಒಂದು ಸನ್ನೆ ನಾವು ಅಂದುಕೊಂಡದ್ದಕ್ಕಿಂತ ದೂರ ಹೋಗಬಹುದು.

ಈಗ ಇಂಥ ಸನ್ನೆಗಳು ಮೊಬೈಲಿನೊಳಕ್ಕೂ ಬಂದಿವೆ. ಯಾರಾದರೂ ಸುದ್ದಿ ಕಳುಹಿಸಿದರೆ ನಾವು ಮೇಲಕ್ಕೆತ್ತಿದ ಹೆಬ್ಬೆರಳಿನ ಚಿತ್ರವನ್ನು ಒತ್ತಿ ಸುಮ್ಮನಾಗುತ್ತೇವೆ. ಅದಕ್ಕೆ 'ನೋಡಿದೆ' ಎಂದು ಅರ್ಥವೋ, 'ಒಪ್ಪಿದೆ' ಎಂದು ಅರ್ಥವೋ? ಈ ಪ್ರಶ್ನೆ ದೂರದ ಕೆನಡಾ ದೇಶದಲ್ಲಿ ಒಬ್ಬ ರೈತನಿಗೆ ಬಹಳ ದುಬಾರಿಯಾಯಿತು. ೨೦೨೧ರ ಮಾರ್ಚಿಯಲ್ಲಿ ಅಲ್ಲಿಯ ಸಸ್ಕ್ಯಾಚುವಾನ್ ಪ್ರಾಂತ್ಯದ ಧಾನ್ಯ ಖರೀದಿಯ ಸಂಸ್ಥೆಯೊಂದು, ಬುಷೆಲಿಗೆ ೧೭ ಡಾಲರಿನಂತೆ ೮೦ ಟನ್ನಿಗೂ ಹೆಚ್ಚು ಅಗಸೆಯನ್ನು ನವೆಂಬರಿನಲ್ಲಿ ಒದಗಿಸಬೇಕೆಂಬ ಕರಾರಿನ ಚಿತ್ರವನ್ನು ಆತನ ಮೊಬೈಲಿಗೆ ಕಳುಹಿಸಿ, ಖಚಿತಪಡಿಸಲು ಕೋರಿತು. ಆತ ಹೆಬ್ಬೆರಳಿನ ಚಿತ್ರವನ್ನು ಒತ್ತಿದ. ನವೆಂಬರಿನ ಹೊತ್ತಿಗೆ ಅಗಸೆಯ ಧಾರಣೆ ೪೧ ಡಾಲರಿಗೆ ಏರಿತ್ತು. ಆತ ಮಾಲು ಕೊಡಲಿಲ್ಲ. 'ಕಾಗದ ಬಂತು ಎಂದಷ್ಟೇ ನಾನು ಸೂಚಿಸಿದ್ದು' ಎಂಬುದು ಆತನ ವಾದ. ಆದರೆ ಹಿಂದಿನ ವರ್ಷಗಳಲ್ಲೂ ಇದೇ ರೀತಿ ಮೊಬೈಲಿನಲ್ಲಿ ಒಂದೆರಡು ಪದ ಕಳುಹಿಸಿ ಕರಾರನ್ನು ಒಪ್ಪಿ, ಮಾಲು ಕೊಟ್ಟದ್ದನ್ನು ನ್ಯಾಯಾಲಯ ಗಮನಿಸಿತು. ಆ ಹೆಬ್ಬೆರಳು ಒಪ್ಪಿಗೆಯೂ ಹೌದು, ಸಹಿಯೂ ಹೌದು ಎಂದು ೨೦೨೩ರಲ್ಲಿ ತೀರ್ಪಾಯಿತು. ರೈತ ೮೨,೦೦೦ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕಾಯಿತು. ೨೦೨೪ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲೂ ಆ ತೀರ್ಪೇ ಉಳಿಯಿತು.

ಅದು ಅಲ್ಲಿಯ ನ್ಯಾಯಾಲಯದ ತೀರ್ಪು, ನಿಜ. ಆದರೆ ಅದರಲ್ಲಿರುವ ಬುದ್ಧಿಮಾತು ನಮಗೂ ಬೇಕು. ಮಾಲು, ಬೆಲೆ, ಬಾಡಿಗೆ, ಕೂಲಿ ಇವುಗಳ ವಿಷಯದಲ್ಲಿ ಚಿತ್ರ ಒತ್ತುವ ಬದಲು 'ಕಾಗದ ಬಂತು, ನೋಡಿ ತಿಳಿಸುತ್ತೇನೆ' ಎಂದೋ, 'ಒಪ್ಪಿದ್ದೇನೆ' ಎಂದೋ, 'ಒಪ್ಪಿಗೆಯಿಲ್ಲ' ಎಂದೋ ಮಾತಿನಲ್ಲೇ ಬರೆಯಿರಿ.

ಸುಮ್ಮನೆ ಕುಳಿತವರು

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಬಳಸುತ್ತೇವೆ. ಗ್ರಾಮಸಭೆಯಲ್ಲಿ 'ಎಲ್ಲರಿಗೂ ಒಪ್ಪಿಗೆಯೇ?' ಎಂದು ಕೇಳುತ್ತಾರೆ. ಮುಂದೆ ಕುಳಿತ ನಾಲ್ವರು ಹೂಂ ಎನ್ನುತ್ತಾರೆ. ಹಿಂದೆ ಗೋಡೆಗೆ ಒರಗಿ ಕುಳಿತ ಹೆಣ್ಣುಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ನಲ್ಲಿ ಎಲ್ಲಿ ಹಾಕಬೇಕು, ಚರಂಡಿ ಯಾವ ಬೀದಿಗೆ ಮೊದಲು ಎಂಬುದು ಅಲ್ಲಿಗೆ ತೀರ್ಮಾನವಾಗಿಬಿಡುತ್ತದೆ. ದಿನವೂ ಕೊಡ ಹೊರುವವರ ಅಭಿಪ್ರಾಯ ನಡಾವಳಿ ಪುಸ್ತಕಕ್ಕೆ ಸೇರಲೇ ಇಲ್ಲ! ಪುಸ್ತಕದಲ್ಲಿ ಆಡಿದ ಮಾತನ್ನು ಬರೆಯುತ್ತಾರೆ. ಮುಖಭಾವವನ್ನು ಬರೆಯುವ ಪದ್ಧತಿ ಇಲ್ಲ. ಆದುದರಿಂದ ಒಪ್ಪುವವರು ಕೈ ಎತ್ತಿ, ಒಪ್ಪದವರೂ ಕೈ ಎತ್ತಿ ಎಂದು ಎರಡು ಸಲ ಕೇಳುವಂತೆ ಒತ್ತಾಯಿಸಿರಿ. ಆಗ ಸುಮ್ಮನಿದ್ದವರು ಎಷ್ಟು ಮಂದಿ ಎಂಬುದೂ ಕಾಣುತ್ತದೆ.

ಮನೆಯೊಳಗೂ ಹೀಗೆಯೇ. ಗಂಡಿನ ಕಡೆಯವರು ಬಂದು ಕುಳಿತಿರುವಾಗ ನಡುಮನೆಯಲ್ಲಿ ನಿಲ್ಲಿಸಿ 'ಒಪ್ಪಿಗೆಯೇನಮ್ಮಾ?' ಎಂದು ಕೇಳಿದರೆ ಯಾವ ಮಗಳು ಬಾಯಿಬಿಟ್ಟಾಳು? ತಲೆ ತಗ್ಗಿಸುತ್ತಾಳೆ. ನಾಚಿದಳು, ಒಪ್ಪಿದಳು ಎಂದು ಸಕ್ಕರೆ ಹಂಚುತ್ತೇವೆ. ತಲೆ ತಗ್ಗಿಸುವುದು ನಾಚಿಕೆಯಿಂದಲೂ ಇರಬಹುದು, ಭಯದಿಂದಲೂ ಇರಬಹುದು, ದುಃಖದಿಂದಲೂ ಇರಬಹುದು. ೧೮ ತುಂಬದ ಮಗಳ ಮದುವೆಯನ್ನು ೨೦೦೬ರ ಕಾಯಿದೆ ತಡೆಯುತ್ತದೆ. ಅಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ವಯಸ್ಸು ತುಂಬಿದವಳನ್ನು, ಬೀಗರು ಬರುವುದಕ್ಕೆ ಮೊದಲೇ, ಅವಳಿಗೆ ಸಲಿಗೆಯಿರುವ ಅಜ್ಜಿಯೋ ಅತ್ತಿಗೆಯೋ ಒಬ್ಬಳನ್ನೇ ಕೂರಿಸಿಕೊಂಡು ಕೇಳಲಿ. 'ಬೇಡ' ಎಂದರೂ ಯಾರೂ ಸಿಟ್ಟಾಗುವುದಿಲ್ಲ ಎಂಬ ಭರವಸೆ ಕೊಟ್ಟು ಕೇಳಲಿ. ಇಡೀ ಆಯುಸ್ಸಿನ ಮಾತು ಇದು.

ಇನ್ನೊಂದು ಬಗೆಯ ಮೌನವುಂಟು. ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಆ ದಿನವೇ ವಿಚಾರಿಸುತ್ತೇವೆ. ಅದೇ ಬೀದಿಯಲ್ಲಿ ಒಬ್ಬ ರೈತ ಹದಿನೈದು ದಿನದಿಂದ ಅರಳಿಕಟ್ಟೆಗೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ನಿದ್ದೆಯಿಲ್ಲ, ಹೊಲದ ಕಡೆ ಹೋಗುತ್ತಿಲ್ಲ, ಕರೆದರೆ ಬರಿದೆ ನಕ್ಕು ಒಳಗೆ ಹೋಗುತ್ತಾನೆ ಎಂದರೆ, 'ಅವನ ಸ್ವಭಾವವೇ ಹಾಗೆ' ಎಂದು ಸುಮ್ಮನಿರುತ್ತೇವೆ. ಅವನ ಸ್ವಭಾವ ಹಿಂದೆ ಹಾಗಿರಲಿಲ್ಲವಲ್ಲ! ದನಕ್ಕೆ ಮಾಡಿದಂತೆಯೇ ಇಲ್ಲೂ ನಿನ್ನೆಗೆ ಇಂದನ್ನು ಹೋಲಿಸಿರಿ. ಗುರುತುಗಳು ಕೂಡಿಬಂದರೆ ಕಾಯಬೇಡಿ. ಹೋಗಿ ಪಕ್ಕದಲ್ಲಿ ಕುಳಿತು, 'ಅಣ್ಣಾ, ಮನಸ್ಸಿಗೆ ಏನಾಗಿದೆ? ಜೀವ ಬೇಡವೆನ್ನುವಷ್ಟು ನೊಂದಿದ್ದೀಯಾ?' ಎಂದು ನೇರವಾಗಿ ಕೇಳಿರಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದ್ದರಿಂದ ಎದೆ ಹಗುರಾಗುತ್ತದೆ. ಒಬ್ಬನನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕವನ್ನು ಬೀಗ ಹಾಕಿಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಫೋನು ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಎರಡು ತಪ್ಪು ನಂಬಿಕೆಗಳು

ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡದವನು ಸುಳ್ಳು ಹೇಳುತ್ತಾನೆ ಎಂಬುದು ಒಂದು ನಂಬಿಕೆ. ನಮ್ಮಲ್ಲಿ ಕಿರಿಯರು ಹಿರಿಯರ ಎದುರು ಕಣ್ಣು ತಗ್ಗಿಸುವುದು ಮರ್ಯಾದೆ. ಹೊಸದಾಗಿ ಬಂದ ಅಧಿಕಾರಿ ಇದನ್ನು ಕಳ್ಳತನವೆಂದು ತಿಳಿಯಬಹುದು. ನಾವೂ ಕೂಲಿಯಾಳಿನ ಮೇಲೆ ಹೀಗೆಯೇ ಸಂಶಯಪಡುತ್ತೇವೆ. ಸುಳ್ಳಿನ ಗುರುತುಗಳ ಬಗ್ಗೆ ನಡೆದ ಹಲವಾರು ಪ್ರಯೋಗಗಳನ್ನು ಬೆಲ್ಲಾ ಡಿಪಾಲೊ ಎಂಬ ಅಮೆರಿಕದ ವಿದ್ವಾಂಸೆ ಮತ್ತು ಅವರ ಸಂಗಡಿಗರು ಒಟ್ಟಿಗೆ ಪರಿಶೀಲಿಸಿ ೨೦೦೩ರಲ್ಲಿ ಪ್ರಕಟಿಸಿದರು. ಕಣ್ಣು ತಪ್ಪಿಸುವುದಕ್ಕೂ ಸುಳ್ಳಿಗೂ ನೆಚ್ಚಿಕೊಳ್ಳುವಂಥ ಸಂಬಂಧ ಅದರಲ್ಲಿ ಕಂಡುಬರಲಿಲ್ಲ. ಹೊಲದಲ್ಲಿ ಕುಡುಗೋಲು ಕಾಣೆಯಾದಾಗ ಯಾರ ಮುಖ ಬಾಡಿತು ಎಂದು ನೋಡಿ ಕಳ್ಳನನ್ನು ಗೊತ್ತುಮಾಡುವುದು ಅನ್ಯಾಯ.

ಮಾತಿನಲ್ಲಿ ನೂರಕ್ಕೆ ೭ ಪಾಲು ಮಾತ್ರ ಅರ್ಥ, ಮಿಕ್ಕ ೯೩ ಪಾಲು ಧ್ವನಿಯಲ್ಲೂ ಮುಖದಲ್ಲೂ ಇದೆ ಎಂಬುದು ಇನ್ನೊಂದು ನಂಬಿಕೆ. ತರಬೇತಿಗಳಲ್ಲಿ ಇದನ್ನು ಹೇಳುವುದುಂಟು. ಇದು ೧೯೬೭ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬವರು ನಡೆಸಿದ ಪ್ರಯೋಗಗಳಿಂದ ಬಂದದ್ದು. ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವರಿಗೆ ಪ್ರೀತಿಯಿದೆಯೋ ಇಲ್ಲವೋ ಎಂದು ಕೇಳಿದ ಪ್ರಯೋಗ ಅದು. ಎಲ್ಲ ಮಾತಿಗೂ ಅದನ್ನು ಅನ್ವಯಿಸಬಾರದೆಂದು ಅವರೇ ಹೇಳಿದ್ದಾರೆ. ಒಂದು ಎಕರೆಗೆ ಎಷ್ಟು ಗೊಬ್ಬರ ಎಂಬುದನ್ನು ಮುಖ ನೋಡಿ ತಿಳಿಯಲಾದೀತೇ?

ಏನು ಮಾಡಬೇಕು?

೧. ಒಂದೇ ಗುರುತನ್ನು ನಂಬಬೇಡಿ. ಮೂರು ನಾಲ್ಕು ಗುರುತುಗಳನ್ನು ಸೇರಿಸಿ ನೋಡಿ. ಆ ಮನುಷ್ಯ ಮೊದಲು ಹೇಗಿದ್ದ ಎಂಬುದಕ್ಕೆ ಹೋಲಿಸಿ.

೨. ಮುಖ್ಯವಾದ ವಿಷಯವನ್ನು ಕೇಳಿದ ಮೇಲೆ ತಲೆಯಾಡಿಸಿ ಏಳಬೇಡಿ. ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ. ಇತರರಿಗೆ ಹೇಳಿದಾಗಲೂ ಅವರಿಂದ ತಿರುಗಿ ಹೇಳಿಸಿ.

೩. ಹಣ, ಜಮೀನು, ಮದುವೆ, ಔಷಧಿ ಈ ನಾಲ್ಕರಲ್ಲಿ ಹೌದು ಅಥವಾ ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ತಲೆಯಾಡಿಸಿದರೆ ಆ ಕಡೆಯವರಿಗೆ ಕಾಣುವುದಿಲ್ಲ ಎಂಬುದೂ ನೆನಪಿರಲಿ.

೪. ಹೆಬ್ಬೆಟ್ಟು, ಸಹಿ, ಎತ್ತಿದ ಕೈ, ಮೊಬೈಲಿನ ಹೆಬ್ಬೆರಳು ಇವನ್ನು ಮಾತಿನಷ್ಟೇ ಭಾರವೆಂದು ತಿಳಿದು ಬಳಸಿ.

೫. 'ಇಲ್ಲ' ಎಂದವರ ಮೇಲೆ ಸಿಟ್ಟಾಗಬೇಡಿ. ಇಲ್ಲ ಎನ್ನಲು ಹೆದರುವ ಕಡೆ ಜನರು ಹೂಂ ಎನ್ನುತ್ತಲೇ ಇರುತ್ತಾರೆ, ಕೆಲಸ ಮಾತ್ರ ಕೆಡುತ್ತದೆ.

ಕೊನೆಯದಾಗಿ ಒಂದು ವಿನಂತಿ. ಮುಂದಿನ ಸಲ ನಮ್ಮಂಥವರು ನಿಮ್ಮ ಊರಿಗೆ ಬಂದು ಹೊಸ ಬೀಜದ ವಿಷಯವನ್ನೋ, ಬೀಜೋಪಚಾರದ ವಿಷಯವನ್ನೋ ಹೇಳುವಾಗ, ತಿಳಿಯದಿದ್ದರೆ ಸಂಕೋಚಪಡದೆ 'ತಿಳಿಯಲಿಲ್ಲ, ಇನ್ನೊಮ್ಮೆ ಹೇಳಪ್ಪಾ' ಎನ್ನಿರಿ. ಹಿಂದೆ ಕುಳಿತವರಿಗೂ ಅದೇ ಸಂಶಯ ಇದ್ದೀತು. ನೀವು ಒಬ್ಬರು ಕೇಳಿದರೆ ಅವರಿಗೂ ಉಪಕಾರವಾಗುತ್ತದೆ, ಹೇಳುವವರಿಗೂ ತಾನು ಹೇಳಿದ್ದು ಎಲ್ಲಿ ಸಾಲಲಿಲ್ಲ ಎಂಬುದು ಗೊತ್ತಾಗುತ್ತದೆ.